ಮನೆಯವಳಿಗಾಗಿ ಕಾಯುತ್ತಿದೆ

ಹತ್ತಿರ ಬನ್ನಿ. ಇದು ಜೋರಾಗಿ ಹೇಳೋ ಕತೆ ಅಲ್ಲ. ಒಳಗಿನ ಕೋಣೆಯಲ್ಲಿ ಅವನು ಮಲಗಿದ್ದಾನೆ, ಕಿವಿ ಭಾರೀ ಚುರುಕು. ನೀನ್ಯಾಕೆ ಎದ್ದೆ? ಟಪ್ ಟಪ್ ಅಂತ ಕೇಳ್ತಿದೆ ಅಂತ ನಲ್ಲಿ ನಿಲ್ಲಿಸೋಕೆ ಹೊರಟೆಯಾ? ನಲ್ಲಿ ನಿಂತೇ ಇದೆ. ಕೂತ್ಕೋ.

ನಮ್ಮ ದೊಡ್ಡಮ್ಮನ ಮಗನನ್ನ ಎಲ್ಲರೂ ಸ್ಕ್ರೂ ಅಂತ ಕರೀತಿದ್ದರು. ತಲೆಯದು ಸಡಿಲ ಅಂತಲ್ಲ. ಕಂಪ್ಯೂಟರ್ ರಿಪೇರಿ ಅವನ ಕಸುಬು, ಬಿಚ್ಚಿದ ಸ್ಕ್ರೂಗಳನ್ನ ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡ್ತಿದ್ದ, ಅದಕ್ಕೆ. ಮಾತೋ, ಅರಳು ಹುರಿದ ಹಾಗೆ. ಕೆಲಸ ಕೊಟ್ಟವರನ್ನ ಅವರ ಎದುರಿಗೇ ಆಡಿಕೊಳ್ಳೋನು. ‘ಮಶೀನು ಚೆನ್ನಾಗಿದೆ ಸಾರ್, ಕೆಟ್ಟಿರೋದು ಕೂತು ಒತ್ತೋರು’ ಅನ್ನೋನು. ಜನ ನಗ್ತಿದ್ದರು. ಕೈ ಒಳ್ಳೇದು, ಬಾಯಿ ಕೆಟ್ಟದ್ದು ಅಂತ ಸಹಿಸಿಕೊಳ್ತಿದ್ದರು.

ಒಂದು ರಾತ್ರಿ ಅವನು ಹಾಳು ಬಾವಿಯ ದಾರಿಯಲ್ಲಿ ಮನೆಗೆ ಬರ್ತಿದ್ದ. ರಿಪೇರಿ ಅಂಗಡಿಗಳ ಸಾಲು ಮುಗಿದ ಮೇಲೆ, ಗೋಡೌನಿನ ಹಿಂದೆ, ಕಬ್ಬಿಣದ ಜಾಲರಿ ಮುಚ್ಚಿದ ಬಾವಿ. ಜಾಲರಿಯಲ್ಲಿ ಒಂದು ಸರಳು ಮುರಿದು ಕೈ ತೂರುವಷ್ಟು ಜಾಗ ಆಗಿತ್ತು. ಬೀದಿದೀಪ ಅಲ್ಲಿಗೆ ತಲುಪಲ್ಲ. ಅವನ ಬ್ಯಾಗಿನಲ್ಲಿ ಒಂದು ಹಾರ್ಡ್ ಡಿಸ್ಕ್ ಇತ್ತು... ಇನ್ನೂ ಬೆಚ್ಚಗಿತ್ತು.

ಅದು ಯಾರದ್ದು ಅಂತ ಮೊದಲು ಹೇಳಿಬಿಡ್ತೀನಿ.

ರೆಕಾರ್ಡಿಂಗ್ ತಾತ ಅಂತ ಒಬ್ಬರಿದ್ದರು. ಗೋಡೆಗೆಲ್ಲ ಕಂಬಳಿ ಹೊಡೆದ ಪುಟ್ಟ ಕೋಣೆ, ನಡುವೆ ಒಂದು ಮೈಕು. ಕಣ್ಣು ಕಾಣದವರಿಗಾಗಿ ಅವರ ಹೆಂಡತಿ ಆ ಮೈಕಿನ ಮುಂದೆ ಕೂತು ಕತೆ ಓದ್ತಿದ್ದರು, ಇವರು ರೆಕಾರ್ಡ್ ಮಾಡ್ತಿದ್ದರು. ವರ್ಷಗಟ್ಟಲೆ ಹೀಗೇ ನಡೀತು. ಆಮೇಲೆ ಆಕೆ ತೀರಿಕೊಂಡರು. ಮಕ್ಕಳಿಲ್ಲ. ಟೇಪುಗಳಿಗೆ ಬೂಷ್ಟು ಹಿಡಿದು ಹೋಗಿತ್ತು, ಹಂಚಿದ ಕ್ಯಾಸೆಟ್ಟುಗಳು ಯಾರ್ಯಾರ ಮನೆಯಲ್ಲೋ ಕಳೆದುಹೋದವು. ಉಳಿದಿದ್ದು ಒಂದು ಹಳೇ ಲಿನಕ್ಸ್ ವರ್ಕ್‌ಸ್ಟೇಷನ್. ಇಬ್ಬರು ಹಿಡಿದರೂ ಎತ್ತಲಾಗದಷ್ಟು ಭಾರದ ಕಬ್ಬಿಣದ ಡಬ್ಬ. ಒಳಗೆ ಎರಡು ಡಿಸ್ಕು. ಚಿಕ್ಕದರಲ್ಲಿ ಮಶೀನನ್ನ ನಡೆಸೋ ಲಿನಕ್ಸು, ದೊಡ್ಡದರಲ್ಲಿ ಆಕೆಯ ಧ್ವನಿ. ಆ ದೊಡ್ಡ ಡಿಸ್ಕಿಗೆ ತಾತ ಇಟ್ಟಿದ್ದ ಹೆಸರು... ‘ಮನೆಯವಳು’. ದಿನಾ ಸಂಜೆ ಹೆಡ್‌ಫೋನ್ ಹಾಕ್ಕೊಂಡು ಆಕೆ ಓದೋದನ್ನ ಕೇಳಿ ಆಮೇಲೇ ಅವರು ಊಟಕ್ಕೆ ಏಳೋದು.

ಒಂದು ದಿನ ಅಪ್‌ಡೇಟ್ ಆಗ್ತಿರುವಾಗ ಕರೆಂಟು ಹೋಯ್ತು. ಬಂದ ಮೇಲೆ ಮಶೀನು ಏಳಲಿಲ್ಲ. ಕಪ್ಪು ಪರದೆ, ಒಂದೇ ಸಾಲು, ಮಿನುಗೋ ಗೀಟು. ಸ್ಕ್ರೂ ಬಂದು ನೋಡಿದ. ಬೂಟ್ ಲೋಡರ್ ಹೋಗಿತ್ತು, ಅಂದ್ರೆ ಲಿನಕ್ಸನ್ನ ಎಬ್ಬಿಸೋ ಚಿಕ್ಕ ಪ್ರೋಗ್ರಾಮು. ಅದನ್ನಷ್ಟೇ ಮತ್ತೆ ಬರೆದಿದ್ದರೆ, ಟೀ ಆರೋದರೊಳಗೆ ಮುಗಿಯೋ ಕೆಲಸ. ಇವನಿಗೆ ಬೇಸರ. ಚಿಕ್ಕ ಡಿಸ್ಕನ್ನ ಪೂರ್ತಿ ಒರೆಸಿ ಹೊಸದಾಗಿ ಹಾಕಿಬಿಡೋಣ, ತಲೆನೋವೇ ಬೇಡ ಅಂತ ಪೆನ್‌ಡ್ರೈವ್ ಚುಚ್ಚಿದ.

ಲಿನಕ್ಸಿನಲ್ಲಿ ಒಂದು ತರಲೆ ಇದೆ. ಡಿಸ್ಕುಗಳಿಗೆ ಅದು ಎ, ಬಿ ಅಂತ ಅಕ್ಷರ ಕೊಡೋದು ಯಾವುದು ಮೊದಲು ಎದ್ದಿತು ಅನ್ನೋದರ ಮೇಲೆ. ನಿನ್ನೆ ಎ ಆಗಿದ್ದು ಇವತ್ತು ಬಿ ಆಗಬಹುದು. ಒರೆಸೋ ಮುಂಚೆ ಯಾವುದು ಎಷ್ಟು ದೊಡ್ಡದು ಅಂತ ಒಂದು ಸಲ ನೋಡಬೇಕು. ಆ ಕಸುಬಿನಲ್ಲಿ ಇರೋ ಪ್ರತಿಯೊಬ್ಬನಿಗೂ ಇದು ಗೊತ್ತು. ಇವನಿಗೂ ಗೊತ್ತಿತ್ತು.

ತಾತ ಮೆಲ್ಲಗೆ ಅಂದರು, ‘ಒಂದ್ಸಲ ಅಳತೆ ನೋಡಪ್ಪ...’

‘ತಾತ, ನೀವು ಮೈಕ್ ಒರೆಸ್ಕೊಂಡಿರಿ. ಡಿಸ್ಕ್ ಒರೆಸೋದು ನಂಗೆ ಬಿಡಿ.’

ಎಂಟರ್ ಒತ್ತಿದ. ತಾತ ಕೊಟ್ಟ ಬಿಸ್ಕತ್ತನ್ನ ಟೀಯಲ್ಲಿ ಅದ್ದಿಕೊಂಡು ತಿಂದ. ಒಳಗಿನಿಂದ ಗರ್ರ್... ಗರ್ರ್... ಅಂತ ಸಣ್ಣ ಕೊರೆತದ ಸದ್ದು. ಬಿಸ್ಕತ್ತು ಮುಗೀತು, ಸದ್ದು ನಿಲ್ಲಲಿಲ್ಲ. ಚಿಕ್ಕ ಡಿಸ್ಕು ಇಷ್ಟು ಹೊತ್ತು ತಗೋಬಾರದು... ಆಗ ಅಳತೆ ನೋಡಿದ. ಒರೆಸ್ತಾ ಇದ್ದಿದ್ದು ದೊಡ್ಡದನ್ನ. ನಿಲ್ಲಿಸೋ ಹೊತ್ತಿಗೆ ಉಳಿಸಿಕೊಳ್ಳೋಕೆ ಏನೂ ಇರಲಿಲ್ಲ. ಆಕೆ ಓದಿದ್ದೆಲ್ಲ ಸೊನ್ನೆ.

ತಪ್ಪಾಯ್ತು ಅನ್ನಬಹುದಿತ್ತು. ಅನ್ನಲಿಲ್ಲ. ಬೂಟ್ ಲೋಡರನ್ನ ಬೇಗ ಬೇಗ ಬರೆದ. ಮೊದಲೇ ಮಾಡಬೇಕಿದ್ದ ಆ ಕೆಲಸ ಆಗ ಮಾಡಿದ. ಆಮೇಲೆ ಡಬ್ಬ ಬಿಚ್ಚಿ, ದೊಡ್ಡ ಡಿಸ್ಕಿನ ನಾಲ್ಕು ಸ್ಕ್ರೂ ತೆಗೆದು ಅಂಗಿ ಜೇಬಿಗೆ ಹಾಕ್ಕೊಂಡ. ಡಿಸ್ಕನ್ನ ಬ್ಯಾಗಿಗೆ ತುರುಕಿದ. ಯಾರಾದರೂ ಪರೀಕ್ಷೆ ಮಾಡಿದರೆ ಸಿಕ್ಕಿಬೀಳ್ತೀನಿ ಅನ್ನೋದೊಂದೇ ಅವನ ಭಯ. ತಾತನಿಗೆ ಹೇಳಿದ್ದು ಇಷ್ಟು. ‘ನಾನು ಬರೋ ಮುಂಚೆನೇ ಸತ್ತಿತ್ತು. ಅದು ಹೋಗಿದೆ. ಇನ್ನು ಬರಲ್ಲ. ಸುಮ್ನೆ ಕಾಯಬೇಡಿ.’

ತಾತ ಹೆಡ್‌ಫೋನಿನ ವೈರು ಸುತ್ತಿ ಸುತ್ತಿ ಬಿಚ್ಚಿದರು, ಮತ್ತೆ ಸುತ್ತಿದರು.

ಈಗ ಬಾವಿಗೆ ಬನ್ನಿ. ಮುರಿದ ಸರಳಿನ ಸಂದಿಯಲ್ಲಿ ಕೈ ತೂರಿಸಿ ಡಿಸ್ಕನ್ನ ಬಿಟ್ಟ. ನಿಂತು ಕೇಳಿದ. ಬಿದ್ದ ಸದ್ದು ಬರಲೇ ಇಲ್ಲ. ನೀರಿಲ್ಲವೇನೋ, ಕೆಸರಿರಬೇಕು ಅಂತ ನಾಲ್ಕು ಹೆಜ್ಜೆ ಮುಂದೆ ಹೋದ. ಆಗ ಹಿಂದಿನಿಂದ... ಟಿಕ್. ಟಿಕ್. ಕಟ್... ಆಮೇಲೆ ಝೀ... ಅಂತ ಏರುತ್ತಾ ಹೋಗೋ ಸಣ್ಣ ಸ್ವರ. ಡಿಸ್ಕಿಗೆ ಕರೆಂಟು ಸಿಕ್ಕಾಗ ತಿರುಗೋಕೆ ಶುರು ಮಾಡುತ್ತಲ್ಲ, ಆ ಸದ್ದು. ದಿನಾ ಕೇಳೋನು ಅವನು, ತಪ್ಪಾಗೋ ಮಾತೇ ಇಲ್ಲ. ಮನೆ ತನಕ ಓಡಿದ. ತೊಟ್ಟಿಲಲ್ಲಿದ್ದ ಮಗಳನ್ನ ಎತ್ತಿಕೊಂಡು ಬೆಳಗಿನ ತನಕ ಕೂತ. ಹೆಂಡತಿ ಕೇಳಿದ್ದಕ್ಕೆ ನಿದ್ದೆ ಬರಲಿಲ್ಲ ಅಂದ.

ಆಮೇಲೆ ತಾತನ ಫೋನು ಬಂತು.

‘ಮಶೀನು ಕಾಯ್ತಾ ಇದೆಯಪ್ಪ.’

‘ಏನು ಕಾಯ್ತಾ ಇದೆ?’

‘ಮನೆಯವಳಿಗಾಗಿ ಕಾಯುತ್ತಿದೆ ಅಂತ ಬರ್ತಿದೆ. ಮಿತಿ ಇಲ್ಲ ಅಂತಲೂ ಇದೆ. ಕಾಯ್ತಾ ಇದೆ ಅಂದ್ರೆ... ಬರ್ತಾಳೆ ಅಂತ ತಾನೇ?’

ವಿಷಯ ಏನಂದ್ರೆ, ಏಳುವಾಗ ಯಾವ ಯಾವ ಡಿಸ್ಕು ತೆರೀಬೇಕು ಅನ್ನೋದು ಲಿನಕ್ಸಿನಲ್ಲಿ ಬರೆದಿರುತ್ತೆ. ಬರೆದಿರೋದು ಇಲ್ಲದಿದ್ದರೆ ಮಶೀನು ಅದಕ್ಕಾಗಿ ಕಾಯುತ್ತೆ. ಹಳೇ ಡಿಸ್ಕು, ಎದ್ದೇಳೋದು ತಡ ಅಂತ ತಾತನೇ ಯಾವತ್ತೋ ‘ಬರೋ ತನಕ ಕಾಯಿ’ ಅಂತ ಸೇರಿಸಿದ್ದರು. ಸ್ಕ್ರೂ ಗಡಿಬಿಡಿಯಲ್ಲಿ ಆ ಸಾಲು ತೆಗೆಯೋದು ಮರೆತಿದ್ದ. ಪರದೆಯ ಮೇಲೆ ಕೆಂಪು ಚುಕ್ಕಿಗಳು ಅತ್ತಿಂದಿತ್ತ ಓಡಾಡ್ತಿದ್ದವು, ತಾತ ಅದರ ಮುಂದೆ ಕೂತಿದ್ದರು. ಊಟ ಬಿಟ್ಟಿದ್ದರು, ಪಕ್ಕದ ಮನೆಯ ದರ್ಜಿ ತಂದಿಟ್ಟ ತಟ್ಟೆ ಹಾಗೇ ಒಣಗಿತ್ತು.

ಇವನು ಲೆಕ್ಕ ಹಾಕಿದ. ಮುದುಕ ಹೀಗೇ ಕೂತರೆ ಇನ್ಯಾರನ್ನಾದರೂ ಕರೆಸ್ತಾನೆ, ನನ್ನ ಬಣ್ಣ ಬಯಲಾಗುತ್ತೆ. ಅಂಗಡಿ ಮುಚ್ಚಿ ರಾತ್ರಿ ಅಲ್ಲಿಗೆ ಹೋದ.

ತಾತ ಪಿಸುಗುಟ್ಟಿದರು, ‘ಅಳಿಸಬೇಡ.’

‘ಒಂದು ಸಾಲು, ತಾತ.’

‘ನಾನು ಬೇರೇನೂ ಕೇಳ್ತಿಲ್ಲ. ಕಾಯ್ತಾ ಇರಲಿ. ಅದರ ಪಾಡಿಗೆ ಅದು, ನನ್ನ ಪಾಡಿಗೆ ನಾನು.’

‘ಹುಚ್ಚು ಹಿಡಿಯುತ್ತೆ ನಿಮಗೆ.’

‘ಹಿಡೀಲಿ ಬಿಡಪ್ಪ... ನಿನ್ನ ಕಾಲಿಗೆ ಬೀಳ್ತೀನಿ.’

ನಿಜವಾಗಲೂ ಬಗ್ಗಿದರು. ಇವನು ಕಾಲು ಹಿಂದಕ್ಕೆಳೆದುಕೊಂಡ, ಕೀಬೋರ್ಡ್ ಹತ್ತಿರ ಎಳೆದ, ಸಾಲು ಅಳಿಸಿದ. ಮಶೀನು ಆರಿಸಿ ಮತ್ತೆ ಹಚ್ಚಿದ. ಎಲ್ಲೂ ನಿಲ್ಲದೆ ಸರ್ರನೆ ಎದ್ದಿತು. ಖಾಲಿ ನೀಲಿ ಪರದೆ. ‘ನೋಡಿ, ಎಷ್ಟು ಚೆನ್ನಾಗಿ ಎದ್ದಿತು’ ಅಂತ ಹೆಮ್ಮೆಯಿಂದ ಬೇರೆ ಅಂದ! ‘ಅದು ಹೋಗಿದೆ ತಾತ. ಇನ್ನು ಬರಲ್ಲ. ಸುಮ್ನೆ ಕಾಯಬೇಡಿ.’

ತಾತ ಅವನ ಬಾಯಿಯನ್ನೇ ನೋಡ್ತಿದ್ದರು. ‘ಒಳ್ಳೇ ಧ್ವನಿ ನಿಂದು’ ಅಂದರು. ‘ಮೈಕಿಗೆ ಹೇಳಿ ಮಾಡಿಸಿದ್ದು.’

ವಾಪಸು ಬರುವಾಗ ಬಾವಿಯ ದಾರಿ ಬೇಡ ಅಂತಲೇ ಹೊರಟಿದ್ದ. ಆದರೂ ಬಂದು ನಿಂತಿದ್ದು ಅಲ್ಲೇ. ಜಾಲರಿಯ ಕೆಳಗೆ ಝೀ... ಅನ್ನೋ ಸದ್ದು ನಡೀತಾನೇ ಇತ್ತು. ಅದರೊಳಗಿನಿಂದ ಇನ್ನೊಂದು ಸದ್ದು. ಸರ್... ಪುಟ ತಿರುಗಿಸಿದ ಹಾಗೆ. ಹೆಂಗಸೊಬ್ಬಳು ಗಂಟಲು ಸರಿಮಾಡಿಕೊಂಡಳು. ಓದಲಿಲ್ಲ. ಸುಮ್ಮನೆ ಇದ್ದಳು... ಯಾರಾದರೂ ಮೊದಲು ಮಾತಾಡಲಿ ಅಂತ ಕಾಯೋ ಹಾಗೆ.

ಇವನಿಗೆ ಭಯಕ್ಕಿಂತ ಸಿಟ್ಟು ಬಂತು. ಆ ಸಂದಿಗೆ ಬಾಯಿ ಕೊಟ್ಟು, ಎದೆ ಬಿರಿಯುವಷ್ಟು ಜೋರಾಗಿ ಕೂಗಿದ. ‘ಅದು ಹೋಗಿದೆ! ಇನ್ನು ಬರಲ್ಲ! ಸುಮ್ನೆ ಕಾಯಬೇಡಿ!’

ಬಾವಿ ಮಾರ್ದನಿ ಕೊಡಬೇಕಲ್ಲ... ಕೊಡಲಿಲ್ಲ. ಕೂಗಿದ್ದನ್ನ ಹಾಗೇ ಒಳಗೆ ಇಟ್ಟುಕೊಂಡಿತು. ಕಟ್ ಅಂತ ಸದ್ದಾಗಿ ಎಲ್ಲ ನಿಂತಿತು. ಇವನು ಮತ್ತೆ ಬಾಯಿ ತೆರೆದ. ತುಟಿ ಆಡಿತು, ಉಸಿರು ಬಂತು. ಸ್ವರ ಬರಲಿಲ್ಲ.

ಬೆಳಿಗ್ಗೆ ದರ್ಜಿ ತಟ್ಟೆ ತಗೊಳ್ಳೋಕೆ ಹೋದರೆ ತಾತ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ತಲೆಗೆ ಹೆಡ್‌ಫೋನ್ ಇತ್ತು. ಅದರ ವೈರು ಎಲ್ಲಿಗೂ ಚುಚ್ಚಿರಲಿಲ್ಲ.

ಡಾಕ್ಟರುಗಳು ಸ್ಕ್ರೂವಿನ ಗಂಟಲಿಗೆ ದೀಪ ಬಿಟ್ಟು ನೋಡಿದರು. ಎಲ್ಲ ಸರಿಯಾಗಿದೆ ಅಂದರು. ಇವತ್ತಿನ ತನಕ ಒಂದಕ್ಷರ ಇಲ್ಲ. ಈ ಕತೆಯನ್ನೂ ಅವನು ಫೋನಿನಲ್ಲಿ ಬೆರಳು ಒತ್ತಿ ಒತ್ತಿ ಹೇಳಿದ್ದು. ತಾತನ ಮಶೀನಿಗೆ ವಾರಸುದಾರರಿಲ್ಲ, ರಿಪೇರಿಯವನಲ್ವಾ, ನೀನೇ ಇಟ್ಕೋ ಅಂತ ದರ್ಜಿ ಅದನ್ನ ಗಾಡಿಯಲ್ಲಿ ಹಾಕಿ ಮನೆಗೆ ಕಳಿಸಿದ. ಅವನು ಹಚ್ಚಲಿಲ್ಲ. ಅವನ ಹೆಂಡತಿ ಹಚ್ಚಿದಳು. ಅಳಿಸಿದ ಸಾಲು ಮತ್ತೆ ಬಂದಿತ್ತು. ಕೆಂಪು ಚುಕ್ಕಿಗಳು ಓಡಾಡಿದವು. ಟಿಕ್, ಟಿಕ್, ಕಟ್, ಝೀ... ಮನೆಯವಳು ಸಿಕ್ಕಿದಳು ಅಂತ ಬಂದು ಮಶೀನು ಎದ್ದಿತು.

ಡಬ್ಬ ಬಿಚ್ಚಿದಾಗ ನಾನೂ ಇದ್ದೆ. ಡಿಸ್ಕು ಅದರ ಜಾಗದಲ್ಲೇ ಕೂತಿತ್ತು. ಮೈಯೆಲ್ಲ ಪಾಚಿ. ನಾಲ್ಕು ತೂತೂ ಖಾಲಿ, ಒಂದು ಸ್ಕ್ರೂನೂ ಇಲ್ಲ.

ಆಕೆ ಓದಿದ ಕತೆ ಒಂದೂ ಅದರಲ್ಲಿ ಇರಲಿಲ್ಲ. ಇದ್ದಿದ್ದು ಒಂದೇ ರೆಕಾರ್ಡಿಂಗು, ಬಹಳ ಚೊಕ್ಕವಾದದ್ದು, ಕಂಬಳಿ ಹೊಡೆದ ಕೋಣೆಯಲ್ಲಿ ಮಾಡಿದ ಹಾಗೆ. ಇವನ ಧ್ವನಿ. ಅದು ಹೋಗಿದೆ. ಇನ್ನು ಬರಲ್ಲ. ಸುಮ್ನೆ ಕಾಯಬೇಡಿ.

ಆಗ ತೊಟ್ಟಿಲಲ್ಲಿದ್ದ ಮಗಳು ಈಗ ಶಾಲೆಗೆ ಹೋಗ್ತಾಳೆ. ಅಪ್ಪ ಮಾತಾಡಿದ್ದನ್ನ ಅವಳು ಕೇಳಿರೋದು ಅದೊಂದೇ. ದಿನಾ ಸಂಜೆ ಹೆಡ್‌ಫೋನ್ ಹಾಕ್ಕೊಂಡು ಕೇಳ್ತಾಳೆ, ಕೇಳಿ ಆಮೇಲೇ ಊಟಕ್ಕೆ ಏಳೋದು. ಬಾಯಿಪಾಠ ಆಗಿದೆ ಅವಳಿಗೆ. ಗೊಂಬೆಯನ್ನ ಮಲಗಿಸುವಾಗ ಅದನ್ನೇ ಹೇಳ್ತಾಳೆ, ಅಪ್ಪನ ಹಾಗೇ ಎಳೆದು. ಇವನು ಬಾಗಿಲ ಹತ್ತಿರ ನಿಂತು ಬೇಡ ಬೇಡ ಅಂತ ಕೈ ಆಡಿಸ್ತಾನೆ. ಅವಳು ಅದನ್ನ ಆಟ ಅಂದ್ಕೊಂಡು ನಗ್ತಾಳೆ. ಮಶೀನು ಒಡೆದು ಹಾಕೋಣ ಅಂತ ಒಮ್ಮೆ ಸುತ್ತಿಗೆ ತಗೊಂಡಿದ್ದ. ಮಗು ಡಬ್ಬವನ್ನ ತಬ್ಬಿಕೊಂಡು ಬಿಟ್ಟಿತು... ‘ಅಪ್ಪನ್ನ ಹೊಡೀಬೇಡ’ ಅಂತ.

ಸುಳ್ಳು ಅನ್ನೋರು ಅನ್ನಿ, ನಂಗೇನಿಲ್ಲ. ನಡೆದಿದ್ದು ಇಷ್ಟೇ. ಬಾಗಿಲ ಹಿಂದೆ ಗೂಟದಲ್ಲಿ ಅವನ ಅಂಗಿ ಇದೆ ನೋಡಿ. ಇವತ್ತು ಬಿಸಿಲಿಗೆ ಹಾಕಿ ಗರಿಗರಿ ಒಣಗಿಸಿ ತಂದು ನೇತುಹಾಕಿದ್ದು ನಾನೇ, ಆಗ ಜೇಬೂ ಖಾಲಿ ಇತ್ತು. ಹೋಗಿ ಮುಟ್ಟಿ. ಜೇಬಿನಲ್ಲಿ ನಾಲ್ಕು ಸ್ಕ್ರೂ ಇರುತ್ತೆ, ಯಾವ ಅಂಗಿ ಹಾಕಿದರೂ ಇರುತ್ತೆ. ಕಾಲು ಜಾರೀತು, ಹುಷಾರು... ಅದರ ಕೆಳಗೆ ನೆಲ ಒದ್ದೆ.