ಜರ್ಮನಿಗೆ ಹೋಗಬೇಕಾದ ರಕ್ತ

ಹೊಸೂರಿನ ಒಂದು ಲ್ಯಾಬಿನಲ್ಲಿ ನನ್ನ ಪಕ್ಕ ಬಾಗಲೂರು ಕಡೆಯ ತಾಯಿ ಮಗ ಕೂತಿದ್ದರು. ಮಗ ಫ್ಯಾಕ್ಟರಿ ಯೂನಿಫಾರಂನಲ್ಲೇ ಬಂದಿದ್ದ. ಅವನ ನಾಲ್ಕು ವರ್ಷದ ಮಗಳು ಅಜ್ಜಿಯ ಮಡಿಲಲ್ಲಿ ಮಲಗಿದ್ದಳು. ಆಗತಾನೆ ರಕ್ತ ತೆಗೆದಿದ್ದರು.

“ಟೆಸ್ಟು ಫ್ರೀ ಅಂದಿದ್ದೆ ಕುಮಾರೇಶ. ಇಪ್ಪತ್ತಾರು ಸಾವಿರ ಯಾಕೆ ಕೇಳ್ತಾವ್ರೆ?”

“ಟೆಸ್ಟು ಫ್ರೀನೇ ಕಣಮ್ಮ. ರಕ್ತ ಜರ್ಮನಿಗೆ ಕಳ್ಸೋಕೆ ಅಷ್ಟಾಯ್ತದೆ. ಐಸಲ್ಲಿಟ್ಟು ಇಮಾನದಲ್ಲಿ ಕಳಿಸ್ತಾರೆ. ಬೇಗ ಸೇರ್ದಿದ್ರೆ ಕೆಟ್ಟೋಯ್ತದೆ.”

“ಕೆಟ್ಟೋದ್ರೆ?”

“ಇನ್ನೊಂದ್ಸಲ ರಕ್ತ ತಗೀಬೇಕು. ಇನ್ನೊಂದ್ಸಲ ದುಡ್ಡು ಕಟ್ಬೇಕು.”

ಆಕೆ ಮಗುವಿನ ತೋಳಿನ ಮೇಲಿದ್ದ ಹತ್ತಿಯನ್ನು ಮೆಲ್ಲಗೆ ಒತ್ತಿ ಹಿಡಿದರು.

“ಕಾಯಿಲೆ ಏನಂತ ಗೊತ್ತಾದ್ರೆ ಭಾನು ಮೊದಲಿನಂಗೆ ನಡೀತಾಳಾ?”

“ಇಲ್ಲಮ್ಮ. ಡಾಕ್ಟ್ರು ಅದನ್ನ ಆಗ್ಲೇ ಹೇಳ್ಬುಟ್ಟವ್ರೆ.”

“ಮತ್ಯಾಕ್ಲಾ ಮಗೀಗೆ ಸೂಜಿ ಚುಚ್ಸಿದ್ದು?”

ಅವನು ಹೆಂಡತಿಯ ಮಾತೆತ್ತಿದ.

“ಸರಳಾಗೆ ಈಗ ಎರಡು ತಿಂಗಳು. ಹೊಟ್ಟೇಲಿರೋದ್ಕೂ ಇದೇ ಬಂದದಾ ಅಂತ ನೋಡೋಕೆ, ಮೊದ್ಲು ಭಾನುದು ಯಾವ ಕಾಯಿಲೆ ಅಂತ ಗೊತ್ತಾಗ್ಬೇಕಂತೆ.”

“ನಂಗ್ಯಾಕೆ ಹೇಳ್ಲಿಲ್ಲ?”

“ಅವ್ಳೇ ಬ್ಯಾಡ ಅಂದ್ಲು. ತುಂಬ ಹೆದ್ರವ್ಳೆ ಅಮ್ಮ.”

ಕೌಂಟರಿನಿಂದ ಭಾನುವಿನ ಹೆಸರು ಕೂಗಿದರು.

“ಹೋಗು, ಕಟ್ಬುಡು. ರಕ್ತ ಇವತ್ತೇ ಹೋಗ್ಲಿ” ಎಂದರು ತಾಯಿ.

“ನೀನು ಇಲ್ಲೇ ಇರು, ಬತ್ತೀನಿ.”

“ಇಲ್ಲ ಕಣಪ್ಪ. ನಾನು ಮಗೀನ ಕರ್ಕೊಂಡು ಬಸ್ಸಿಗೋಯ್ತೀನಿ. ಮನೇಲಿ ಸರಳಾ ಒಬ್ಳೇ ಅವ್ಳೆ.”

ಆಕೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಮಗ ಬಾಗಿಲ ತನಕ ಹೋಗಿ, ಕೌಂಟರಿಗೆ ಹಿಂತಿರುಗಿದ.