ಎಂಟು ಓಮ್

ಅಪ್ಪನ ರೇಡಿಯೊಗೆ ಎಷ್ಟು ವೋಲ್ಟಿನ ಅಡಾಪ್ಟರ್ ಬೇಕೆಂದು ನೋಡದೆಯೇ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಬಂದುಬಿಟ್ಟಿದ್ದಳು, ಅದೂ ವಿಜ್ಞಾನದಲ್ಲಿ ಪದವಿ ಪಡೆದವಳು. ಕೇಳಿದರೆ ಬಾಯಿಗೆ ಬಂದದ್ದು ಹೇಳಿಬಿಡುತ್ತೇನೆ, ಯಾವಾಗಲೂ ನನ್ನದು ಇದೇ ಹಣೆಬರಹ ಎಂದು ಒಳಗೊಳಗೇ ಅಳುಕುತ್ತಿದ್ದಳು. ಅವಳ ಮುಂದೆ ಯಾರೋ ಮಾವ, ಅಳಿಯ ನಿಂತಿದ್ದರು. ಮಾವ ಮನೆಯಲ್ಲೇ ಮಾಡಿದ ಸಬ್‌ವೂಫರ್‌ಗೆ ಆಂಪ್ಲಿಫೈಯರ್ ಬೇಕಿತ್ತು.

“ಸ್ಪೀಕರ್ ಎಷ್ಟು ಓಮ್? ಹೊಂದದೇ ಇದ್ರೆ ಆಂಪ್ಲಿಫೈಯರ್ ಸುಟ್ಟುಹೋಗುತ್ತೆ,” ಎಂದ ಅಂಗಡಿಯವನು.

“ಎಷ್ಟಿರಬೇಕೋ ಅಷ್ಟಿದೆ,” ಎಂದರು ಮಾವ.

“ಸ್ಪೀಕರ್ ಬೆನ್ನ ಮೇಲೇ ಬರೆದಿರುತ್ತಲ್ಲ ಮಾವ, ನೋಡ್ಲಿಲ್ವಾ?”

“ನೋಡೋ ಮೊದಲೇ ಪೆಟ್ಟಿಗೆಗೆ ಅಂಟಿಸಿಬಿಟ್ಟೆ, ಅಳಿಯಂದಿರೇ.”

“ಅದನ್ನೇ ಇವರಿಗೆ ಹೇಳಿ.”

“ಮೆಲ್ಲಗೆ ಮಾತಾಡಿ, ಜನ ಇದ್ದಾರೆ.”

“ಹೋದ ಸಲ ಆಂಪ್ಲಿಫೈಯರ್ ಸುಟ್ಟು ಮನೆ ತುಂಬ ಹೊಗೆ ಎದ್ದಾಗ ಜನ ಇರ್ಲಿಲ್ವಾ?”

“ನಾಲ್ಕಾ, ಎಂಟಾ, ಹೇಳಿ ಸಾರ್,” ಎಂದ ಅಂಗಡಿಯವನು.

“ಎಂಟು!” ಮಾವನ ಕಿವಿ ಕೆಂಪಗಾಗಿತ್ತು.

“ಹೋದ ಸಲಾನೂ ಎಂಟೇ ಅಂದಿದ್ರಿ.”

ಮಾವ ದುಡ್ಡು ಕೊಟ್ಟು, ಹೊಸ ಆಂಪ್ಲಿಫೈಯರ್ ಡಬ್ಬವನ್ನು ಕೂಸಿನಂತೆ ಅವಚಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟರು. ಅಳಿಯ ಹಣೆ ಚಚ್ಚಿಕೊಳ್ಳುತ್ತ ಹಿಂಬಾಲಿಸಿದ.

“ನಿಮಗೇನಮ್ಮ?”

“ರೇಡಿಯೊಗೆ ಅಡಾಪ್ಟರ್.”

“ಎಷ್ಟು ವೋಲ್ಟು?”

ಹನ್ನೆರಡು ಎಂಬ ಮಾತು ಆಗಲೇ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡಳು.

“ಗೊತ್ತಿಲ್ಲಣ್ಣ,” ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.