ಹನ್ನೊಂದನೇ ಮಂಚದ ಚಾರ್ಟು

ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಿದ್ದೆ ಬರಲಿಲ್ಲ ಅಂತ ನನ್ನನ್ನ ಬೈಬೇಡಿ. ಇದು ಅವರಿವರ ಬಾಯಿಂದ ಬಂದ ಮಾತಲ್ಲ. ನನ್ನ ಸ್ವಂತ ಚಿಕ್ಕಮ್ಮನ ಮಗಳಿಗೆ ಆಗಿದ್ದು. ಸಣ್ಣವಳಿದ್ದಾಗಿಂದ ನಾವೆಲ್ಲ ಅವಳನ್ನ ಗುಬ್ಬಿ ಅಂತಾನೇ ಕರೆಯೋದು.

ಅವಳು ನರ್ಸ್ ಕೆಲಸಕ್ಕೆ ಸೇರಿ ಮೂರನೇ ದಿನ. ರಾತ್ರಿ ಒಂಬತ್ತೂವರೆಗೆ ಡ್ಯೂಟಿ ಮುಗಿಸಿ ಆಸ್ಪತ್ರೆ ಹಿಂದಿನ ಓಣಿಯಲ್ಲಿ ಮನೆ ಕಡೆ ಹೊರಟಿದ್ಲು. ಓಣಿ ಕೊನೆಯಲ್ಲಿ ಒಂದು ಹಾಳುಬಾವಿ. ಅದಕ್ಕೆ ಹಲಗೆ ಮುಚ್ಚಿ ಎಷ್ಟೋ ವರ್ಷ ಆಗಿದೆ. ಹಗ್ಗ ಇಲ್ಲ, ಕೊಡ ಇಲ್ಲ, ರಾಟೆ ಮಾತ್ರ ಉಳಿದಿದೆ. ಅವತ್ತು ಒಂದು ಎಲೆಯೂ ಅಲ್ಲಾಡ್ತಿರಲಿಲ್ಲ. ಆದ್ರೂ ರಾಟೆ ತಿರುಗಿತು. ಕೀಂ... ಕೀಂ... ಆಮೇಲೆ ನಿಂತುಹೋಯ್ತು.

ಕಾಲಿಗೆ ಬುದ್ಧಿ ಹೇಳೋಣ ಅನ್ನೋಷ್ಟರಲ್ಲಿ ಹಿಂದಿನಿಂದ ಚಪ್ಪಲಿ ಸದ್ದು, ಪಟಪಟ ಅಂತ. ನೋಡಿದ್ರೆ ಆಸ್ಪತ್ರೆ ಆಯಾ. ರಾತ್ರಿ ಪಾಳಿಯವಳು ಬಂದಿಲ್ಲ, ದೊಡ್ಡ ಸಿಸ್ಟರ್ ನಿನ್ನನ್ನೇ ಕರೀತಿದ್ದಾರೆ ಅಂದ್ಲು.

ಗುಬ್ಬಿಗೆ ಬರ್ತಿದ್ದದ್ದಾದ್ರೂ ಏನು? ಅಂಗಡಿ ಮೇಲಿನ ಎರಡು ಕೋಣೆಯ ನರ್ಸಿಂಗ್ ಶಾಲೆಯಲ್ಲಿ ಆರು ತಿಂಗಳು ಕಲಿತದ್ದು. ಅಲ್ಲಿ ದಿಂಬಿಗೆ ಸೂಜಿ ಚುಚ್ಚಿದ್ದೇ ಚುಚ್ಚಿದ್ದು. ದಿಂಬು ಪಾಪ, ಒಂದು ದಿನವೂ ಉಸಿರು ಕಟ್ಟಿ ಒದ್ದಾಡಿರಲಿಲ್ಲ.

ವಾರ್ಡಿನಲ್ಲಿ ಇಪ್ಪತ್ತಾರು ಮಂಚ. ದೊಡ್ಡ ಸಿಸ್ಟರ್ ಬ್ಯಾಗು ಹೆಗಲಿಗೇರಿಸಿಕೊಂಡೇ ನಿಂತಿದ್ರು. ಒಬ್ಬಳೇ ಅಂದ್ರೆ ನನಗೆ ಕೈಕಾಲೇ ಆಡಲ್ಲ ಅಂತ ಗುಬ್ಬಿ ಗೋಗರೆದ್ಲು. ನಾವೆಲ್ಲ ಹೀಗೇ ಕಲಿತದ್ದು ಅಂದ್ರು ಅವರು. ಎರಡು ಗಂಟೆಗೊಂದು ಸಲ ಪ್ರತಿಯೊಬ್ಬರ ನಾಡಿ, ಟೆಂಪರೇಚರ್ ನೋಡಿ ಚಾರ್ಟಿನಲ್ಲಿ ಬರೀಬೇಕು, ಅದು ನಿಯಮ. ದೊಡ್ಡ ಸಿಸ್ಟರ್ ದನಿ ತಗ್ಗಿಸಿದ್ರು.

"ಬೆಳಿಗ್ಗೆ ಆರರವರೆಗೂ ಈಗಲೇ ಬರೆದಿಟ್ಟುಬಿಡು. ನಾಡಿ ಎಪ್ಪತ್ತೆಂಟು, ಟೆಂಪರೇಚರ್ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಇಪ್ಪತ್ತಾರು ಜನರ ಕೈ ಹಿಡಿಯೋಕೆ ನಿನಗೇನು ಹತ್ತು ಕೈ ಇದೆಯಾ?"

ಗುಬ್ಬಿ ಕೂತು ಬರೆದ್ಲು. ಹತ್ತು, ಹನ್ನೆರಡು, ಎರಡು, ನಾಲ್ಕು, ಆರು. ಎಲ್ಲರಿಗೂ ಅದೇ ಅಂಕಿ.

ಹನ್ನೊಂದನೇ ಮಂಚದಲ್ಲಿ ಒಬ್ಬ ಟೈಲರ್ ತಾತ ಇದ್ರು. ಹನ್ನೆರಡರ ಹೊತ್ತಿಗೆ ಅವರ ಎದೆಯಿಂದ ಸದ್ದು ಶುರುವಾಯ್ತು. ಕೀಂ... ಕೀಂ... ಥೇಟ್ ಆ ಬಾವಿ ರಾಟೆ. ಉಸಿರು ಸಿಗ್ತಿಲ್ಲ ಮಗಳೇ, ಸ್ವಲ್ಪ ಕೈ ಹಿಡಿದು ನೋಡು ಅಂದ್ರು. ಅದು ದೊಡ್ಡ ಕಾಯಿಲೆಯ ಸದ್ದೋ, ಬರೀ ಕಫವೋ, ಗುಬ್ಬಿಗೆ ಯಾರು ಹೇಳಿಕೊಟ್ಟಿದ್ರು? ಓಡಿಹೋಗಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದ್ಲು. ಅವರು ನಿದ್ದೆಗಣ್ಣಲ್ಲಿ ಒಂದೇ ಮಾತು ಕೇಳಿದ್ರು.

"ಚಾರ್ಟಲ್ಲಿ ಏನಿದೆ?"

ಗುಬ್ಬಿ ಚಾರ್ಟು ನೋಡಿದ್ಲು. ತಾನೇ ಬರೆದದ್ದು. ಸುಳ್ಳು ಅನ್ನೋಕೆ ನಾಲಿಗೆ ಏಳಲಿಲ್ಲ. ಎಪ್ಪತ್ತೆಂಟು ಸಾರ್... ತೊಂಬತ್ತೆಂಟು ಪಾಯಿಂಟ್ ನಾಲ್ಕು... ಅಂದ್ಲು. ಎಲ್ಲ ಸರಿಯಾಗಿದೆಯಲ್ಲ, ಮಲಗಿಸು ಅಂತ ಅವರು ಫೋನ್ ಇಟ್ರು.

ಎರಡಕ್ಕೆ ಬಂದು ನೋಡ್ತೀನಿ ತಾತ ಅಂದ್ಲು. ಅಷ್ಟರಲ್ಲಿ ಮೂರನೇ ಮಂಚದವನು ಡ್ರಿಪ್ಪಿನ ಸೂಜಿ ಕಿತ್ತುಕೊಂಡು ಹಾಸಿಗೆ ತುಂಬ ರಕ್ತ ಮಾಡಿಕೊಂಡ. ಅವನ ಹತ್ತಿರ ಒದ್ದಾಡಿ ಮುಗಿಸೋ ಹೊತ್ತಿಗೆ ಎರಡು ಹೊಡೆದಿತ್ತು. ಹನ್ನೊಂದನೇ ಮಂಚದ ಸದ್ದು ನಿಂತಿತ್ತು. ಸದ್ಯ, ನಿದ್ದೆ ಹತ್ತಿತು ಅಂದ್ಕೊಂಡು, ಮುಟ್ಟದೆ ಮುಂದೆ ಹೋದ್ಲು.

ನಾಲ್ಕು ಗಂಟೆ. ಟಣ್... ಟಣ್... ಕಬ್ಬಿಣದ ಮಂಚಕ್ಕೆ ಸ್ಟೀಲ್ ಲೋಟ ತಟ್ಟೋ ಸದ್ದು.

ತಾತ ಎದ್ದು ಕೂತಿದ್ರು. ಕೈ ಮುಂದಕ್ಕೆ ಚಾಚಿದ್ರು.

"ಈಗಲಾದ್ರೂ ನೋಡ್ತೀಯಾ ಮಗಳೇ?" ಪಿಸುದನಿ.

ಗುಬ್ಬಿ ಥರ್ಮಾಮೀಟರ್ ಕೊಡವಿ, ಪಾದರಸ ಕೆಳಗಿಳಿದದ್ದು ನೋಡಿ, ಅವರ ಕಂಕುಳಲ್ಲಿಟ್ಟು ಕೈ ಹಿಡಿದ್ಲು. ಕಿಟಕಿ ಸರಳು ಮುಟ್ಟಿದಷ್ಟು ತಣ್ಣಗೆ. ಆದ್ರೆ ನಾಡಿ ಓಡ್ತಿತ್ತು. ಒಂದು ನಿಮಿಷ ಪೂರ್ತಿ ಎಣಿಸಿದ್ಲು. ಎಪ್ಪತ್ತೆಂಟು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.

"ಉಸಿರು ಈಗ ಪರವಾಗಿಲ್ವಾ ತಾತ?"

"ಉಸಿರಾ... ಅದು ಆಗಲೇ ಹೋಯ್ತಲ್ಲ." ಮೇಜಿನ ಮೇಲಿನ ಚಾರ್ಟಿನ ಕಡೆ ನೋಡಿ, "ನೀನು ಆರರವರೆಗೂ ಬರೆದಿದ್ದೀಯ ಮಗಳೇ... ಮಲಗೋಕೆ ಆಗ್ತಿಲ್ಲ."

ಆಗ ಗುಬ್ಬಿ ಅವರ ಎದೆ ನೋಡಿದ್ಲು. ಅದು ಏಳ್ತಿರಲಿಲ್ಲ, ಇಳೀತಿರಲಿಲ್ಲ.

ಮೇಜಿನ ತನಕ ಹೇಗೆ ಬಂದ್ಲೋ ಅವಳಿಗೇ ಗೊತ್ತಿಲ್ಲ. ಹಿಂದಿನಿಂದ ಟಣ್... ಟಣ್... ಕೆಲಸ ಹೋಗುತ್ತೆ ಅಂತ ಗೊತ್ತು. ಆದ್ರೂ ಪೆನ್ನು ತಗೊಂಡು ಹನ್ನೊಂದನೇ ಮಂಚದ ಅಂಕಿಗಳನ್ನೆಲ್ಲ ಹೊಡೆದುಹಾಕಿದ್ಲು. ಹತ್ತಕ್ಕೆ ನೋಡಿಲ್ಲ. ಹನ್ನೆರಡಕ್ಕೆ ನೋಡಿಲ್ಲ. ಎರಡಕ್ಕೆ ನೋಡಿಲ್ಲ ಅಂತ ಪಕ್ಕದಲ್ಲೇ ಬರೆದ್ಲು. ಆರರ ಅಂಕಿ ಹೊಡೆದಾಗ ಟಣ್ ಅನ್ನೋದು ಅರ್ಧಕ್ಕೇ ನಿಂತಿತು. ಧಪ್ ಅಂತ ದಿಂಬಿನ ಮೇಲೆ ತಲೆ ಬಿದ್ದ ಸದ್ದು. ಅಷ್ಟೇ.

ಆರೂವರೆಗೆ ಡಾಕ್ಟರ್ ಬಂದ್ರು. ತಾತನ ಕೈ ಎತ್ತೋಕೆ ನೋಡಿದ್ರು, ಮರಗಟ್ಟಿತ್ತು. ಪ್ರಾಣ ಹೋಗಿ ಐದಾರು ಗಂಟೆ ಆಗಿದೆ ಅಂತ ಮೆಲ್ಲಗೆ ಅಂದ್ರು. ಅಷ್ಟರಲ್ಲಿ ದೊಡ್ಡ ಸಿಸ್ಟರೂ ಡ್ಯೂಟಿಗೆ ಬಂದಿದ್ರು. ಗುಬ್ಬಿಯ ಚಾರ್ಟು ಹರಿದು, ಹೊಸ ಹಾಳೆ ತಗೊಂಡು, ಮುತ್ತಿನಂಥ ಅಕ್ಷರದಲ್ಲಿ ಮೊದಲಿಂದ ಬರೆದ್ರು. ಆರು ಗಂಟೆಗೆ ಎಪ್ಪತ್ತೆಂಟು, ತೊಂಬತ್ತೆಂಟು ಪಾಯಿಂಟ್ ನಾಲ್ಕು. ಆರೂ ಕಾಲಿಗೆ ಮರಣ. ಡಾಕ್ಟರ್ ಸಹಿ ಹಾಕಿದ್ರು. ತಾತನ ಮಗಳು ಬಂದು ಕೊನೆಗೆ ತುಂಬ ನರಳಿದ್ರಾ ಅಂತ ಕೇಳಿದಾಗ ಅದನ್ನೇ ತೋರಿಸಿದ್ರು. ಆಕೆ ಎಲ್ಲರಿಗೂ ಕೈ ಮುಗಿದು ಹೋದ್ಲು. ಗುಬ್ಬಿ ಪಕ್ಕದಲ್ಲೇ ನಿಂತಿದ್ಲು, ಬಾಯಿ ಬಿಡಲಿಲ್ಲ. ದೆವ್ವಕ್ಕಿಂತ ಅದೇ ಅವಳನ್ನ ಇವತ್ತಿಗೂ ತಿನ್ನೋದು.

ಮೈ ಒರೆಸೋಕೆ ಆಯಾ ಆ ಮರಗಟ್ಟಿದ ಕೈಯನ್ನ ಬಲವಂತವಾಗಿ ಸರಿಸಿದಾಗ, ಕಂಕುಳಿಂದ ಥರ್ಮಾಮೀಟರ್ ಜಾರಿ ಹಾಸಿಗೆ ಮೇಲೆ ಬಿತ್ತು. ತೊಂಬತ್ತೆಂಟು ಪಾಯಿಂಟ್ ನಾಲ್ಕು. ಗುಬ್ಬಿ ಅದನ್ನ ಜೇಬಿಗೆ ಹಾಕಿಕೊಂಡು ಬಂದವಳು, ಮತ್ತೆ ಆ ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ.

ಹೊಸ ಚಾರ್ಟು ಆಸ್ಪತ್ರೆ ದಾಖಲೆ ಕೋಣೆಯಲ್ಲಿ ಇನ್ನೂ ಇದೆ. ಥರ್ಮಾಮೀಟರ್ ನಮ್ಮನೆ ಕಪಾಟಿನಲ್ಲಿದೆ, ನಂಬದವರು ಬಂದು ನೋಡಬಹುದು. ಬೇರೆ ಯಾವ ಥರ್ಮಾಮೀಟರ್ ಆದ್ರೂ ನಾಲ್ಕು ಸಲ ಕೊಡವಿದ್ರೆ ಪಾದರಸ ಇಳಿಯುತ್ತೆ. ಇದನ್ನ ನಾನು ಕೊಡವಿದೀನಿ, ನಮ್ಮ ಭಾವ ಕೊಡವಿದಾರೆ, ತಣ್ಣೀರಲ್ಲಿ ರಾತ್ರಿಯೆಲ್ಲ ಅದ್ದಿಟ್ಟಿದೀವಿ. ಇವತ್ತು ಬೆಳಿಗ್ಗೆನೂ ನೋಡಿದೆ... ಅಲ್ಲೇ ನಿಂತಿದೆ.